ಅಪ್ಪನಿಗೆ ಹಂದಿ, ಅಮ್ಮನಿಗೆ ಸೊಪ್ಪು: ಗ್ರೀಕ್ ಹೋಟೆಲಲ್ಲಿ ಎರಡೂ ಸಿಗುತ್ತೆ

ಮಡಿಕೇರಿಯ ಆ ಪುಟ್ಟ ಗ್ರೀಕ್ ಹೋಟೆಲಿಗೆ ಅಪ್ಪ, ಅಮ್ಮನನ್ನು ಕರ್ಕೊಂಡು ಹೋದರೆ ಏನು ತರಿಸೋದು, ಅಮ್ಮ ಮಾಂಸ ಮುಟ್ಟಲ್ಲ ಅಂತ ಕೇಳಿದ್ದೀರಿ. ಅಪ್ಪನ ಚಿಂತೆ ಬಿಡಿ. ಹಂದಿ ಮಾಂಸದ ಸುವ್ಲಾಕಿ ಹೇಳಿ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಕೊಡಗಿನ ಹಂದಿ ಸಾರು ಪಂದಿಕರಿಗೆ ಕಾಚಂಪುಳಿಯ ಹುಳಿ ಹೇಗೋ ಇದಕ್ಕೆ ನಿಂಬೆ ಹಾಗೆ.

ಅಮ್ಮನಿಗೆ ಸ್ಪಾನಕೋಪಿಟಾ. ಪಾಲಕ್, ಫೆಟಾ ಚೀಸ್ ತುಂಬಿದ ಪದರ ಪದರದ ಕಡುಬು ಅನ್ನಿ. ಮುರಿದರೆ ಗರಿಗರಿ ಚೂರೆಲ್ಲ ಸೀರೆ ಮೇಲೆ! ಜೊತೆಗೆ ಝಾಜಿಕಿ ಇರಲಿ. ಗಟ್ಟಿ ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ನಮ್ಮ ಮೊಸರುಬಜ್ಜಿಯ ನೆಂಟನೇ. ಆದರೆ ದ್ರಾಕ್ಷಿ ಎಲೆ ಸುತ್ತಿದ ದೊಲ್ಮಾದೆಸ್ ಬಂದರೆ ಒಳಗೆ ಬರೀ ಅನ್ನವೋ, ಕೈಮಾವೋ ಕೇಳಿಕೊಳ್ಳಿ. ಎರಡೂ ಥರ ಮಾಡುತ್ತಾರೆ. ಮೂಸಾಕಾ ಬದನೆಕಾಯಿದು ಅಂತ ನಂಬಿ ನಾನೇ ಒಮ್ಮೆ ನಮ್ಮ ಚಿಕ್ಕಮ್ಮನಿಗೆ ಹೇಳಿ ಬೈಸಿಕೊಂಡೆ. ಮಧ್ಯದಲ್ಲಿ ಕೈಮಾ ಇತ್ತು. ಅಮ್ಮ ತುಂಬಾ ಕಟ್ಟುನಿಟ್ಟಾದರೆ ಫೆಟಾ ಬಗ್ಗೆಯೂ ವಿಚಾರಿಸಿ. ಹಾಲು ಒಡೆಯೋಕೆ ಕೆಲವರು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ.

ಕೊನೆಗೆ ಗ್ರೀಕ್ ಕಾಫಿ. ಸೋಸದೆ ಕೊಡುತ್ತಾರೆ, ಗಸಿ ತಳಕ್ಕೆ ಇಳಿಯೋವರೆಗೆ ಕಾಯಬೇಕು. ಅಪ್ಪ ಕಾಫಿ ತೋಟದವರಾದರೆ ಇದರ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ, ಸಮಯ ಇಟ್ಕೊಂಡು ಹೋಗಿ.