ಚಪಾತಿ ಲಟ್ಟಿಸುವವರೂ ಆಟ ಆಡುತ್ತಿರುತ್ತಾರೆ

ಡೊಂಬಿವಲಿಯ ಹಿರಿಯ ಓದುಗರೊಬ್ಬರ ಪತ್ರ ಬಂದಿದೆ. ಬ್ಯಾಂಕಿನಿಂದ ನಿವೃತ್ತರಾದವರು. ನಾಲ್ಕು ಹಾಳೆ, ಎರಡೂ ಬದಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ದೂರು ಇಷ್ಟು:

"ರಾತ್ರಿಯಾದರೆ ನಮ್ಮ ಮನೆಯಲ್ಲಿ ಬಿಗ್ ಬಾಸ್. ಗುಂಪು ಕಟ್ಟುವುದು, ಬೆನ್ನ ಹಿಂದೆ ಮಾತಾಡುವುದು, ನಾಮಿನೇಟ್ ಮಾಡಿ ಹೊರಗೆ ಹಾಕುವುದು. ಮೊಮ್ಮಗಳು ಇದನ್ನೇ ಕಲಿಯುತ್ತಿದ್ದಾಳೆ. ಟಾಸ್ಕ್‌ನಲ್ಲಿ ಮೈ ಮುರಿದು ದುಡಿದವನು ಮನೆಗೆ ಹೋಗುತ್ತಾನೆ. ಅಡುಗೆ ಮನೆಯಲ್ಲಿ ಚಪಾತಿ ಲಟ್ಟಿಸಿಕೊಂಡು, ಎಲ್ಲರ ಹತ್ತಿರ ನಗುನಗುತ್ತಾ ಇದ್ದವರು ಫೈನಲ್‌ಗೆ ಬರುತ್ತಾರೆ. ಇದು ಯಾವ ನ್ಯಾಯ? ಹನುಮಂತನಂಥ ಮುಗ್ಧ ಗೆದ್ದದ್ದೊಂದೇ ಸಮಾಧಾನ."

ಸರ್, ಒಪ್ಪುವಂಥದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕಿರುಚಾಟ ಜಾಸ್ತಿಯಾಗಿದೆ, ನಿಜ. ಇಡೀ ದಿನದ ಬದುಕನ್ನು ಒಂದೂವರೆ ಗಂಟೆಗೆ ಕತ್ತರಿಸಿದರೆ ಜಗಳವೇ ಮೇಲೆ ತೇಲುತ್ತದೆ. ಮೊಮ್ಮಗಳಿಗೆ ಬೇಗ ಮಲಗು ಅನ್ನುವ ಹಕ್ಕು ಅಜ್ಜನಿಗೆ ಇದ್ದೇ ಇದೆ. ಆಯ್ತಾ? ಇನ್ನು ಚಪಾತಿಗೆ ಬರೋಣ. ನನಗೆ ಚುಚ್ಚಿದ್ದು ಅದೇ.

ಹದಿನಾರು ಹದಿನೇಳು ಜನ, ಒಂದೇ ಅಡುಗೆ ಮನೆ, ಅಳೆದು ಕೊಟ್ಟ ರೇಷನ್. ಅಲ್ಲಿ ಲಟ್ಟಣಿಗೆ ಹಿಡಿದವಳಿಗೆ ಏನೆಲ್ಲ ಗೊತ್ತಾಗುತ್ತದೆ ಯೋಚಿಸಿ. ಯಾರು ಊಟ ಬಿಟ್ಟರು, ನಿನ್ನೆವರೆಗೆ ಒಟ್ಟಿಗೆ ಟೀ ಕುಡಿಯುತ್ತಿದ್ದ ಇಬ್ಬರಲ್ಲಿ ಯಾರು ಇವತ್ತು ಲೋಟ ತಗೊಂಡು ಬೇರೆ ಕಡೆ ಹೋದರು. ಎಲ್ಲ ಸುದ್ದಿಯೂ ಮೊದಲು ಬರುವುದು ಒಲೆಯ ಹತ್ತಿರ. ಉಳಿದ ಒಂದು ಮೊಟ್ಟೆ ಯಾರ ತಟ್ಟೆಗೆ ಅಂತ ತೀರ್ಮಾನ ಮಾಡುವವಳೂ ಅವಳೇ. ಆ ಮೊಟ್ಟೆ ತಿಂದವನು ನಾಮಿನೇಷನ್ ದಿನ ಅವಳ ಹೆಸರು ಹೇಳುವ ಮುಂಚೆ ಒಂದು ಸಲ ಉಗುಳು ನುಂಗುತ್ತಾನೆ. ಗಂಡಸು ಸೋಫಾ ಮೇಲೆ ಕೂತು ಪಿಸುಗುಟ್ಟಿದರೆ ಅದು ಸ್ಟ್ರಾಟೆಜಿ. ಹೆಂಗಸು ಒಲೆ ಮುಂದೆ ನಿಂತು ಅದನ್ನೇ ಮಾಡಿದರೆ "ಆಕೆ ಏನೂ ಆಡ್ತಾ ಇಲ್ಲ"!

ನಾನೂ ನಿಮ್ಮ ಡೊಂಬಿವಲಿಯಿಂದಲೇ ವಿ.ಟಿ.ಗೆ (ಈಗಿನ ಸಿಎಸ್‌ಎಂಟಿ, ಮುಂಬೈಯಲ್ಲಿ ಈ ಲೈನಿನ ಕೊನೆಯ ಸ್ಟೇಷನ್) ವರ್ಷಗಟ್ಟಲೆ ಲೋಕಲ್ ಹಿಡಿದವಳು. ಕಲ್ಯಾಣದಿಂದ ಬರುವ ಫಾಸ್ಟ್ ಗಾಡಿ ನಮ್ಮ ಸ್ಟೇಷನ್‌ಗೆ ಬರುವಾಗಲೇ ತುಂಬಿರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಮಹಿಳೆಯರ ಡಬ್ಬದ ಕಾನೂನು ಮಾತ್ರ ನಿಮಗೆ ಗೊತ್ತಿರಲಿಕ್ಕಿಲ್ಲ. ಹತ್ತಿದ ಕೂಡಲೇ ಕೂತವರನ್ನು "ಕುಠೇ?" ಅಂತ ಕೇಳಬೇಕು. ಎಲ್ಲಿ ಇಳಿತೀರಿ ಅಂತ. ಅವರು ಠಾಣೆ ಅಂದರೆ ಠಾಣೆಯಲ್ಲಿ ಆ ಸೀಟು ನಿಮ್ಮದು. ಬರಹ ಇಲ್ಲ, ಸಾಕ್ಷಿ ಇಲ್ಲ, ಆದರೂ ನಡೆಯುತ್ತದೆ.

ನಮ್ಮ ಡಬ್ಬದಲ್ಲಿ ಕಾರವಾರದ ಕಡೆಯ ಒಬ್ಬರಿದ್ದರು. ಯಾವತ್ತೂ ದನಿ ಎತ್ತಿದವರಲ್ಲ. ಯಾರ ಮಗ ಹತ್ತನೇ ಕ್ಲಾಸು, ಯಾರ ಅತ್ತೆಗೆ ಕಣ್ಣಿನ ಆಪರೇಷನ್, ಎಲ್ಲ ಬಾಯಿಪಾಠ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಚೂರು ಅಂಚಿಗೆ ಕೂರುತ್ತಿದ್ದರು. ಘಾಟ್ಕೋಪರ್ ದಾಟುವಷ್ಟರಲ್ಲಿ ನೋಡಿದರೆ ಕಿಟಕಿ ಪಕ್ಕ ಇರುತ್ತಿದ್ದರು!

ನಾನು ಒಂದು ದಿನ ಸೀಟಿಗಾಗಿ ಜಗಳ ಆಡಿದೆ. ನ್ಯಾಯ ನನ್ನ ಕಡೆಯೇ ಇತ್ತು, ಇವತ್ತಿಗೂ ಹಾಗೇ ಅನ್ನುತ್ತೇನೆ. ಗೆದ್ದೆ, ಕೂತೆ. ಮರುದಿನದಿಂದ ನಾನು "ಕುಠೇ?" ಅಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, ವಿ.ಟಿ. ಠಾಣೆಯಲ್ಲಿ ಇಳಿಯುವವರೂ ವಿ.ಟಿ.! ಒಂದೂವರೆ ತಿಂಗಳು ನಿಂತೇ ಹೋದೆ. ಆಮೇಲೆ ಕಾರವಾರದವರೇ ಮಾತಾಡಿ ಸರಿ ಮಾಡಿದರು.

ಅಮೆರಿಕದ ಸರ್ವೈವರ್ ಷೋನಲ್ಲಿ ರಸೆಲ್ ಹ್ಯಾಂಟ್ಜ್ ಅನ್ನುವವನದ್ದೂ ಇದೇ ಕಥೆ. ಆ ಷೋನ ಮೂಲ 1997ರ ಸ್ವೀಡನ್, ಅಮೆರಿಕಕ್ಕೆ ಬಂದದ್ದು 2000ದಲ್ಲಿ. ಅಲ್ಲಿ ಹೊರಗೆ ಹಾಕುವವರು ಆಟಗಾರರೇ. ಕೊನೆಗೆ ಉಳಿದವರಲ್ಲಿ ಯಾರಿಗೆ 10 ಲಕ್ಷ ಡಾಲರ್ ಅಂತ ಹೇಳುವವರು, ಅವರ ಕೈಯಲ್ಲೇ ಹೊರಬಿದ್ದವರು. ಅಂದರೆ ಯಾರ ಕತ್ತು ಹಿಡಿದು ದಬ್ಬಿದಿರೋ ಅವರ ಕೈಯಿಂದಲೇ ಹಾರ ಹಾಕಿಸಿಕೊಳ್ಳಬೇಕು. ರಸೆಲ್ ಭಾರೀ ಚಾಲಾಕು. ಬಚ್ಚಿಟ್ಟ ಇಮ್ಯುನಿಟಿ ವಿಗ್ರಹಗಳನ್ನು (ಇಮ್ಯುನಿಟಿ ಇದ್ದವರನ್ನು ಆ ಸಲ ಹೊರಗೆ ಹಾಕುವಂತಿಲ್ಲ) ಸುಳಿವೇ ಇಲ್ಲದೆ ಹುಡುಕಿ ತೆಗೆದವನು. ಎರಡು ಸೀಸನ್ ಬೆನ್ನುಬೆನ್ನಿಗೆ ಫೈನಲ್ ತಲುಪಿದ. ಮೊದಲನೆಯದರಲ್ಲಿ 2 ವೋಟು, 2010ರ ಎರಡನೆಯದರಲ್ಲಿ ಸೊನ್ನೆ. ಅವನನ್ನು ಸೋಲಿಸಿದ ಸ್ಯಾಂಡ್ರಾ ಡಯಾಜ್-ಟ್ವೈನ್‌ಗೆ 6. ಆಕೆ 2003ರಲ್ಲೂ ಗೆದ್ದಿದ್ದಳು. ಆ ಎರಡು ಗೆಲುವಿನಲ್ಲೂ ಒಂದೇ ಒಂದು ವೈಯಕ್ತಿಕ ಇಮ್ಯುನಿಟಿ ಟಾಸ್ಕ್ ಗೆದ್ದಿರಲಿಲ್ಲ. "ನನ್ನನ್ನು ಬಿಟ್ಟು ಯಾರು ಹೋದರೂ ಸರಿ", ಇಷ್ಟೇ ಆಕೆಯ ತಂತ್ರ. ನಿಮ್ಮ ಟಾಸ್ಕ್ ವೀರ ಬೇಕಿದ್ದರೆ 2006ರ ಓಜಿ ಲಸ್ತ್ ಇದ್ದಾನೆ. 5 ಇಮ್ಯುನಿಟಿ ಗೆದ್ದ. ಫೈನಲ್‌ನಲ್ಲಿ ಯುಲ್ ಕ್ವಾನ್ ಎದುರು 4-5ರಲ್ಲಿ ಸೋತ. ಮೊಟ್ಟಮೊದಲ ಸೀಸನ್ ಗೆದ್ದ ರಿಚರ್ಡ್ ಹ್ಯಾಚ್ ಅಂತೂ ಕೊನೆಯ ಟಾಸ್ಕ್‌ನಲ್ಲಿ ಬೇಕೆಂದೇ ಕೈಬಿಟ್ಟ. ಗೆದ್ದರೆ ತನ್ನ ಗುಂಪಿನ ಮುದುಕನನ್ನು ತಾನೇ ಹೊರಗೆ ಹಾಕಬೇಕು. ಸೋತರೆ ಆ ಪಾಪ ಬೇರೆಯವರಿಗೆ. ಹಾಗೇ ಆಯಿತು, 4-3ರಲ್ಲಿ ಗೆದ್ದ.

ಇದು ಕುತಂತ್ರ ಅನ್ನುತ್ತೀರಿ. ಆದರೆ ನಿಮ್ಮದೇ ಪತ್ರದ ಮೂರನೇ ಹಾಳೆಯಲ್ಲಿ ತಾಳಮದ್ದಲೆಯ ಹುಚ್ಚು ಇದೆ ಅಂತ ಬರೆದಿದ್ದೀರಿ. ಶಕುನಿಯ ಅರ್ಥ ಹೇಳುವವರು ಒಳ್ಳೆ ಫಾರ್ಮ್‌ನಲ್ಲಿದ್ದರೆ ಮೊದಲು ಚಪ್ಪಾಳೆ ತಟ್ಟುವವರು ಯಾರು ಸರ್? ಎದುರಿಗೆ ಕೂತು ನೋಡಿದ್ದೇನೆ.

ನಮ್ಮ ಬಿಗ್ ಬಾಸ್‌ನಲ್ಲಿ ನಾಮಿನೇಷನ್ ಮನೆಯವರದು, ಕೊನೆಯ ವೋಟು ವೀಕ್ಷಕರದು. ಹಾಗಾಗಿ ಆಟ ಅರ್ಧ ಮನೆಯೊಳಗೆ, ಅರ್ಧ ಮೊಬೈಲ್‌ನಲ್ಲಿ. ಅಮೆರಿಕದ ಬಿಗ್ ಬ್ರದರ್ ಕೂಡ 2000ದಲ್ಲಿ ಹೀಗೇ ಶುರುವಾಯಿತು. ಸ್ವಲ್ಪ ಖಾರ ಇದ್ದವರನ್ನೆಲ್ಲ ಜನ ಹೊರಗೆ ಹಾಕಿ, ಮನೆ ಸಪ್ಪೆಯಾಯಿತು. ಮರುವರ್ಷವೇ ವೋಟನ್ನು ಮನೆಯವರ ಕೈಗೆ ಕೊಟ್ಟರು. ನಾವು ಕೊಟ್ಟಿಲ್ಲ. ನಮಗೆ ಒಳಗಿದ್ದವರ ತೀರ್ಪಿನ ಮೇಲೆ ನಂಬಿಕೆ ಕಡಿಮೆ. (ಕನ್ನಡದ ಮೊದಲ ಎರಡು ಸೀಸನ್, 2013 ಮತ್ತು 2014ರವು, ನಡೆದದ್ದು ನಮ್ಮ ಪಕ್ಕದ ಲೋಣಾವಳದಲ್ಲಿ. ಪುಣೆ ಗಾಡಿಯಲ್ಲಿ ಚಿಕ್ಕಿ ತಿನ್ನುತ್ತಾ ಹೋಗುವಾಗ "ಇಲ್ಲೇ ಎಲ್ಲೋ ಕನ್ನಡದಲ್ಲಿ ಜಗಳ ಆಡ್ತಿದ್ದಾರೆ" ಅಂತ ನಕ್ಕದ್ದುಂಟು.)

ಇನ್ನು ಹನುಮಂತ. ಹಾವೇರಿ ಜಿಲ್ಲೆಯ ಹಾಡುಗಾರ, 11ನೇ ಸೀಸನ್‌ಗೆ ವೈಲ್ಡ್ ಕಾರ್ಡ್‌ನಲ್ಲಿ ನಡುವೆ ಬಂದು ಗೆದ್ದವರು. ಅವರನ್ನು ಮುಗ್ಧ ಅನ್ನುತ್ತೀರಲ್ಲ, ಅದಕ್ಕೆ ನನ್ನ ತಕರಾರಿದೆ. ಆಗಲೇ ಗುಂಪು ಕಟ್ಟಿಕೊಂಡಿದ್ದ ಮನೆಗೆ ಹೊರಗಿನಿಂದ ಬಂದು, ಯಾರಿಗೂ ಭಾರ ಆಗದೆ, ಯಾರ ಜೇಬಿಗೂ ಬೀಳದೆ ಕೊನೆವರೆಗೆ ನಿಲ್ಲುವುದು ಮುಗ್ಧರ ಕೆಲಸವಾ? ಲುಂಗಿ ಉಟ್ಟು ಊರ ಭಾಷೆ ಮಾತಾಡಿದರೆ ಮುಗ್ಧ, ಇಂಗ್ಲಿಷ್‌ನಲ್ಲಿ "ಗೇಮ್ ಪ್ಲಾನ್" ಅಂದರೆ ಬುದ್ಧಿವಂತ. ನಾವು ಪೇಟೆಯವರು ಹಾಕಿಕೊಂಡ ಕನ್ನಡಕ ಇದು.

ಈ ಕನ್ನಡಕ ಟಿವಿ ಮುಂದೆ ಮಾತ್ರ ಅಲ್ಲ. ನಮ್ಮ ಮುಂಬೈ ಕನ್ನಡಿಗರ ಯಾವ ವಾರ್ಷಿಕೋತ್ಸವಕ್ಕಾದರೂ ಹೋಗಿ. ವೇದಿಕೆ ಮೇಲೆ ಹನ್ನೊಂದು ಕುರ್ಚಿ, ಹನ್ನೊಂದು ಶಾಲು. ಕೆಳಗೆ ಕೂತ ಇನ್ನೂರು ಜನರನ್ನು ಫೋನ್ ಮಾಡಿ, ಮಂಡಳಿ ಬಿಟ್ಟು ಹೋದವರ ಮನೆ ಬಾಗಿಲು ತಟ್ಟಿ, ಎದುರು ಬಣದವರಿಗೂ ಕೋಸಂಬರಿ ಬಡಿಸಿ ಕರೆತಂದವರು ಎಲ್ಲಿ? ಹಾಲ್‌ನ ಹಿಂದೆ ತಟ್ಟೆ ಎಣಿಸುತ್ತಿರುತ್ತಾರೆ. ಚುನಾವಣೆ ಬಂದರೆ ಬಣ ಕಟ್ಟುವ ಗಂಡಸರು ಚಾಣಕ್ಯರು, ಬಣ ಒಡೆಯದಂತೆ ಇಷ್ಟು ವರ್ಷ ನೋಡಿಕೊಂಡವರಿಗೆ ಸ್ಮರಣ ಸಂಚಿಕೆಯಲ್ಲಿ "ಮಹಿಳಾ ವಿಭಾಗದ ಸಹಕಾರ" ಅಂತ ಒಂದು ಸಾಲು. ನಾಲ್ಕು ಮೂಲೆಯ ನಾಲ್ಕು ಹೆಂಗಸರು ಮನೆಮನೆಗೆ ಹೋಗದಿದ್ದರೆ ಈ ಪತ್ರಿಕೆಯೂ ನಿಂತು ಹೋಗುತ್ತಿತ್ತು. ಅವರ ಫೋಟೋವನ್ನು ನಾನೂ ಹಾಕಿಲ್ಲ. ಬೈಯುವುದಾದರೆ ನನ್ನನ್ನೂ ಬೈಯಿರಿ.

ಇನ್ನೊಂದು ವಿಷಯ. ನಿಮ್ಮ ಲಕೋಟೆಯೊಳಗೆ ಬೇರೆ ಅಕ್ಷರದ ಒಂದು ಚೀಟಿ ಇತ್ತು. ಕ್ಯಾಲೆಂಡರ್ ಹಾಳೆಯ ಹಿಂಬದಿ, ಎರಡೇ ಸಾಲು. "ಇವರೂ ದಿನಾ ನೋಡ್ತಾರೆ, ಪೇಪರ್ ಅಡ್ಡ ಹಿಡಿದುಕೊಂಡು. ಚಂದಾ ಮುಗಿದಿದೆ, ಹಣ ನಾನೇ ಕಳಿಸಿದ್ದೇನೆ." ಯಾರು ಬರೆದದ್ದು ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ಚಂದಾ ಬಂದಿದೆ, ರಶೀದಿ ಅವರ ಹೆಸರಿಗೇ ಹಾಕಿದ್ದೇನೆ.

— ಸಂ.