ಬ್ರೇಸಸ್ ತಂತಿ ಕೆನ್ನೆಗೆ ಚುಚ್ಚುತ್ತಿದ್ದರೆ
ಮಗಳ ಬ್ರೇಸಸ್ ತಂತಿ ಹಿಂಬದಿಯಲ್ಲಿ ಚುಚ್ಚಿ ಕೆನ್ನೆ ಒಳಗೆ ಹುಣ್ಣಾಗಿದೆ, ಡಾಕ್ಟರ್ ಹತ್ತಿರ ಹೋಗೋಕೆ ಇನ್ನೂ ಹತ್ತು ದಿನ ಇದೆ ಅಂದಿರಲ್ಲ, ಹಲ್ಲು ಸರಿದಿರೋದೇ ಕಾರಣ ಇರಬೇಕು. ಹಲ್ಲುಗಳ ನಡುವಿನ ಸಂದಿ ಮುಚ್ಚುತ್ತಾ ಬಂದ ಹಾಗೆ ಮಿಕ್ಕ ತಂತಿ ಕೊನೆಯ ದವಡೆ ಹಲ್ಲಿನಾಚೆ ಇಣುಕುತ್ತದೆ. ಇಡೀ ತಂತಿಯೇ ಒಂದು ಬದಿಗೆ ಜಾರಿರಲೂಬಹುದು, ನೋಡದೆ ಹೇಳೋದು ಕಷ್ಟ. ಮೊಬೈಲ್ ಟಾರ್ಚ್ ಹಾಕಿ ಇನ್ನೊಂದು ಕಡೆ ತಂತಿ ಒಳಗೆ ಹೋಗಿದೆಯಾ ನೋಡಿ.

ಸದ್ಯಕ್ಕೆ ಚುಚ್ಚೋ ತುದಿಯನ್ನ ಮೇಣದಿಂದ ಮುಚ್ಚಿ. ಮೊದಲು ಹಲ್ಲುಜ್ಜಿಸಿ. ಆಮೇಲೆ ಆ ಜಾಗವನ್ನು ಹತ್ತಿಯಿಂದ ಚೆನ್ನಾಗಿ ಒರೆಸಿ. ಎಂಜಲಿನ ಪಸೆ ಇದ್ದರೆ ಮೇಣ ಅಂಟೋದೇ ಇಲ್ಲ, ಜಾಸ್ತಿ ಜನ ಎಡವೋದು ಇಲ್ಲೇ. ಈ ಮೇಣಕ್ಕೆ ಮೆಡಿಕಲ್ ಶಾಪಿನಲ್ಲಿ ‘ಆರ್ಥೋ ವ್ಯಾಕ್ಸ್’ ಅಂತ ಕೇಳಿ. ಬಟಾಣಿಗಿಂತ ಚಿಕ್ಕ ಉಂಡೆ ಹೊಸೆದು, ಮೆತ್ತಗಾದ ಮೇಲೆ ತಂತಿಯ ತುದಿಗೆ ಒತ್ತಿ. ಊಟಕ್ಕೆ ಮುಂಚೆ ತೆಗೆದು, ಆಮೇಲೆ ಹೊಸದು ಹಚ್ಚಿ. ಚೂರು ನುಂಗಿದರೂ ಗಾಬರಿ ಬೇಡ.

ಹುಣ್ಣಿಗೆ ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಲಿ. ಚಕ್ಕುಲಿ, ನಿಪ್ಪಟ್ಟು ಸದ್ಯಕ್ಕೆ ಬೇಡ.

ನೇಲ್ ಕಟರ್‌ನಿಂದ ಕತ್ತರಿಸೋಕೆ ಮಾತ್ರ ಹೋಗಬೇಡಿ, ತುಂಡು ಗಂಟಲಿಗೆ ಹೋದೀತು. ಸುಮ್ನೆ ಹತ್ತು ದಿನ ಕಾಯೋದೂ ಬೇಡ. ನಾಳೆಯೇ ಕ್ಲಿನಿಕ್‌ಗೆ ಫೋನ್ ಮಾಡಿ “ತಂತಿ ಚುಚ್ಚಿ ಹುಣ್ಣಾಗಿದೆ” ಅನ್ನಿ. ತುದಿ ಕತ್ತರಿಸೋದು ಅವರಿಗೆ ಐದು ನಿಮಿಷದ ಕೆಲಸ.