ಹನ್ನೊಂದು ಸಿನಿಮಾ ಬೇಡ, ಎರಡು ಸಾಕು

ನಮಸ್ಕಾರ. ವೈಜ್ಞಾನಿಕ ಭಯಾನಕ ಸಿನಿಮಾಗಳಲ್ಲಿ ಹೆತ್ತವರು, ಮಕ್ಕಳು, ಸೃಷ್ಟಿ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವಿದನ್ನು ಕೈಬಿಡಬಾರದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹನ್ನೊಂದು ಸಿನಿಮಾ ತಂದಿದ್ದೀರಿ. ಒಂದೊಂದಕ್ಕೂ ಒಂದು ಪ್ಯಾರಾ, ಅದರಲ್ಲಿ ಮುಕ್ಕಾಲು ಪಾಲು ಬರೀ ಕಥೆ. ಕಥೆ ಬೇಕಿದ್ದವರು ಸಿನಿಮಾನೇ ನೋಡ್ತಾರೆ, ಅಲ್ವಾ? 1979ರ ‘ಏಲಿಯನ್’ನಲ್ಲಿ ಗಂಡಸಿನ ಎದೆ ಸೀಳಿಕೊಂಡು ಅನ್ಯಗ್ರಹ ಜೀವಿಯ ಮರಿ ಹೊರಬರುವುದರ ಬಗ್ಗೆ ಎಲ್ಲರೂ ಬರೆದಾಗಿದೆ, ಅದಕ್ಕೆ ಒಂದು ಸಾಲು ಸಾಕು.

ನಿಮಗೆ ಏನನ್ನಿಸಿತು ಅನ್ನೋದು ಒಂದೇ ಕಡೆ ಕಾಣುತ್ತದೆ. 1986ರ ‘ಏಲಿಯನ್ಸ್’ನಲ್ಲಿ ನಾಯಕಿ ರಿಪ್ಲಿಗೆ ಮಗಳ ಸುದ್ದಿ ತಿಳಿಯುವ ಜಾಗ ಅದು. ಹನ್ನೊಂದನೇ ಹುಟ್ಟುಹಬ್ಬಕ್ಕೆ ಬರ್ತೀನಿ ಅಂತ ಮಾತು ಕೊಟ್ಟು ಹೋದ ತಾಯಿ 57 ವರ್ಷ ಬಾಹ್ಯಾಕಾಶದಲ್ಲಿ ನಿದ್ದೆಯಲ್ಲೇ ತೇಲಿ ವಾಪಸ್ ಬರುತ್ತಾಳೆ, ಅಷ್ಟರಲ್ಲಿ ಮಗಳು 66ನೇ ವಯಸ್ಸಿನಲ್ಲಿ ತೀರಿಕೊಂಡಿರುತ್ತಾಳೆ, ತಾಯಿಗೆ ಸಿಗುವುದು ತನಗಿಂತ ಮುದುಕಿಯಾದ ಮಗಳ ಚಿತ್ರ. ಇಲ್ಲಿ ನೀವು ಬರೆದ ಎರಡು ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನೀವು ಮಾತ್ರ ಮುಂದಿನ ಸಿನಿಮಾಕ್ಕೆ ಓಡಿಬಿಟ್ಟಿರಿ.

ಅಲ್ಲೇ ನಿಲ್ಲಿ. ಈ ದೃಶ್ಯ ಮೊದಲು ಥಿಯೇಟರಿಗೆ ಬಂದ ಪ್ರತಿಯಲ್ಲಿ ಇರಲಿಲ್ಲ, ಆಮೇಲಿನ ಉದ್ದದ ಪ್ರತಿಯಲ್ಲಿ ಸೇರಿತು. ನೀವಿದನ್ನು ಹೇಳಿಲ್ಲ. ಮಗಳ ವಿಷಯ ಗೊತ್ತಿಲ್ಲದೆ ನೋಡಿದವರಿಗೆ ರಿಪ್ಲಿ ಒಂದು ಅನಾಥ ಹುಡುಗಿಯನ್ನು ಕಾಪಾಡುವ ಗಟ್ಟಿಗಿತ್ತಿ. ಗೊತ್ತಿದ್ದು ನೋಡಿದವರಿಗೆ, ಒಂದು ಮಗುವಿಗೆ ತಪ್ಪಿದ ಮಾತನ್ನು ಇನ್ನೊಂದು ಮಗುವಿಗಾದರೂ ಉಳಿಸಿಕೊಳ್ಳಲು ಒದ್ದಾಡುವ ತಾಯಿ. ಅಂಥವಳು ಕೊನೆಗೆ ಬೆಂಕಿ ಹಚ್ಚುವುದು ಇನ್ನೊಂದು ತಾಯಿಯ, ಅಂದರೆ ಆ ಅನ್ಯಗ್ರಹ ಜೀವಿಗಳ ರಾಣಿಯ ಮೊಟ್ಟೆಗಳಿಗೆ. ಇದರ ಬಗ್ಗೆ ನೀವು ಏನು ಹೇಳ್ತೀರಿ ಅಂತ ನನಗೆ ನಿಜವಾಗಿ ಓದಬೇಕಿದೆ.

ಇನ್ನು ಫ್ರಾಂಕೆನ್‌ಸ್ಟೈನ್. ಅದು ಹೆಣದ ತುಂಡುಗಳನ್ನು ಜೋಡಿಸಿ ಜೀವ ಕೊಟ್ಟ ಆ ಜೀವಿಯ ಹೆಸರಲ್ಲ, ಅದನ್ನು ಮಾಡಿದವನ ಹೆಸರು. 1931ರ ಸಿನಿಮಾವನ್ನೂ ಮೇರಿ ಶೆಲ್ಲಿಯ 1818ರ ಕಾದಂಬರಿಯನ್ನೂ ಕಲಸಿಬಿಟ್ಟಿದ್ದೀರಿ. ಸಿನಿಮಾದಲ್ಲಿ ಸಹಾಯಕ ಅಪರಾಧಿಯೊಬ್ಬನ ಮಿದುಳು ಕದ್ದು ತರುತ್ತಾನೆ, ಹಾಗಾಗಿ ಹುಟ್ಟೇ ಕೆಟ್ಟದ್ದು ಅನ್ನುವ ನೆಪ ಇದೆ. ಕಾದಂಬರಿಯಲ್ಲಿ ಆ ನೆಪವೂ ಇಲ್ಲ. ಅದು ಕಣ್ಣು ಬಿಟ್ಟ ಕೂಡಲೇ ಮಾಡಿದವನು ಅಸಹ್ಯಪಟ್ಟು ಕೋಣೆಯಿಂದ ಓಡಿಹೋಗುತ್ತಾನೆ. ಬರೆದಾಕೆಯ ಬದುಕನ್ನೂ ನೋಡಿ. ಮೇರಿ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. 1815ರಲ್ಲಿ ಆಕೆಯ ಮೊದಲ ಮಗುವೂ ಕೆಲವೇ ದಿನ ಬದುಕಿತು. ಬೆಂಕಿಯ ಮುಂದೆ ಮೈ ಉಜ್ಜಿದಾಗ ಮಗು ಮತ್ತೆ ಬದುಕಿತು ಅಂತ ಕನಸು ಕಂಡದ್ದನ್ನು ಆಕೆ ದಿನಚರಿಯಲ್ಲಿ ಬರೆದಿದ್ದಾಳೆ.

ಜೀವ ಕೊಟ್ಟು ಓಡಿಹೋದ ತಂದೆ, ಬರುವುದು ತಡವಾದ ತಾಯಿ. ನಿಮ್ಮ ಲೇಖನ ಇವರಿಬ್ಬರದ್ದು. ಉಳಿದ ಒಂಬತ್ತು ಸಿನಿಮಾ ತೆಗೆಯಿರಿ. ‘ಸೃಷ್ಟಿಕರ್ತನ ಅಸ್ತಿತ್ವಾತ್ಮಕ ದ್ವಂದ್ವ’ ಅಂತ ಮೂರು ಕಡೆ ಬರೆದಿದ್ದೀರಲ್ಲ, ಅದನ್ನೂ ತೆಗೆಯಿರಿ, ‘ಅವನು ಹೆದರಿದ’ ಅಂದರೆ ಸಾಕು. ಒಂಬೈನೂರು ಪದ ದಾಟುವುದು ಬೇಡ. ಬರೆದಾದ ಮೇಲೆ ನೇರವಾಗಿ ನನಗೇ ಕಳಿಸಿ.